ಹೆತ್ತವರಿಗೆ ಹೆಗ್ಗಣ, ಅಭಿಮಾನಿಗೆ ಆಲ್‌ಸ್ಟಾರ್

ಜೂನ್ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಿಗೆ ಅನ್ಯಾಯದ ಸುಗ್ಗಿ. ಜುಲೈ ಮಧ್ಯದಲ್ಲಿ ಆಲ್‌ಸ್ಟಾರ್ ಪಂದ್ಯ. ಅಲ್ಲಿನ ತಂಡಗಳು ಹಂಚಿಹೋಗಿರುವ ಎರಡು ಲೀಗುಗಳ ಪೈಕಿ ಅಮೆರಿಕನ್ ಲೀಗಿನ ಘಟಾನುಘಟಿಗಳು ಒಂದು ಕಡೆ, ನ್ಯಾಷನಲ್ ಲೀಗಿನವರು ಇನ್ನೊಂದು ಕಡೆ. ಈಗಿನ ನಿಯಮದಲ್ಲಿ ಈ ಪಂದ್ಯ ಗೆದ್ದರೂ ಸೋತರೂ ಯಾವ ತಂಡದ ಅಂಕಪಟ್ಟಿಯೂ ಅಲುಗುವುದಿಲ್ಲ. ಯಾರು ಗೆದ್ದರು ಎಂದು ಮರುವಾರ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಯಾರಿಗೆ ಜಾಗ ಸಿಗಲಿಲ್ಲ ಎಂಬುದನ್ನು ಮಾತ್ರ ಮೊಮ್ಮಕ್ಕಳಿಗೂ ದಾಟಿಸಿಯೇ ಕಣ್ಣು ಮುಚ್ಚುತ್ತಾರೆ.

ಚೆಂಡು ಎಸೆಯುವ ಪಿಚರ್‌ಗಳನ್ನೂ ಮೀಸಲು ಆಟಗಾರರನ್ನೂ ಸಹ ಆಟಗಾರರು ಮತ್ತು ಬೇಸ್‌ಬಾಲಿನ ಮುಖ್ಯಸ್ಥರಾದ ಕಮಿಷನರ್ ಕಚೇರಿಯವರು ಆರಿಸುತ್ತಾರೆ. ಕಣಕ್ಕೆ ಮೊದಲು ಇಳಿಯುವ ಉಳಿದವರ ಆಯ್ಕೆ ಅಭಿಮಾನಿಗಳ ಕೈಯಲ್ಲಿ. ದೇಶದ ಅಧ್ಯಕ್ಷರ ಆಯ್ಕೆಗೆ ಈ ಪ್ರಜೆಗೆ ನಾಲ್ಕು ವರ್ಷಕ್ಕೊಂದು ಮತ. ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ಕಾಯುವವನು) ಆಯ್ಕೆಗೆ ಮೊದಲ ಸುತ್ತಿನಲ್ಲಿ ದಿನಕ್ಕೆ ಐದು! ಐದನ್ನೂ ತನ್ನೂರಿನ ಹುಡುಗನಿಗೆ ಒತ್ತಿ ಮುಗಿಸಿದ ಮೇಲೆ, ಪಕ್ಕದೂರಿನವರು ಪಕ್ಷಪಾತ ಮಾಡುತ್ತಿದ್ದಾರೆ ಎಂದು ಆತ ಕೆಂಡ ಕಾರುತ್ತಾನೆ.

ಕೆಂಡಕ್ಕೆ ಗಾಳಿ ಹಾಕಲು ಗಣಿತವಿದೆ. ಸುಲಭಕ್ಕೆ ಸಿಗುವ ಒಬ್ಬ ಬದಲಿ ಆಟಗಾರನಿಗಿಂತ ಈತ ಎಷ್ಟು ಗೆಲುವು ಹೆಚ್ಚು ತಂದುಕೊಟ್ಟ ಎಂದು ಅಳೆಯುವ ‘ವಾರ್’ ಎಂಬ ಅಂಕಿ. ಸೊಗಸೆಂದರೆ ಅಳತೆಗೋಲುಗಳೇ ಎರಡು. ಪಿಚರ್ ವಿಷಯಕ್ಕೆ ಬಂದರೆ ಬೇಸ್‌ಬಾಲ್ ರೆಫರೆನ್ಸ್ ಎಂಬ ಜಾಲತಾಣದವರು ಆತ ಬಿಟ್ಟುಕೊಟ್ಟ ರನ್ನುಗಳಿಂದ ಲೆಕ್ಕ ಶುರುಮಾಡುತ್ತಾರೆ; ಫ್ಯಾನ್‌ಗ್ರಾಫ್ಸ್ ಎಂಬ ಇನ್ನೊಂದು ಜಾಲತಾಣದವರು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್), ವಾಕ್ (ತಪ್ಪು ಎಸೆತಗಳಿಂದ ಸಿಗುವ ಪುಕ್ಕಟೆ ಬೇಸ್), ಹೋಮ್‌ರನ್ (ನಮ್ಮ ಸಿಕ್ಸರಿನಂಥದ್ದು) ಹಿಡಿದು. ಎರಡರಲ್ಲಿ ಯಾವುದು ಸರಿ? ನಮ್ಮವನು ಮುಂದಿರುವುದು ಸರಿ. ಎರಡರಲ್ಲೂ ಹಿಂದಿದ್ದರೆ ‘ಕಂಪ್ಯೂಟರಿಗೇನು ಗೊತ್ತು, ಆಟ ಕಣ್ಣಿನಿಂದ ನೋಡಬೇಕು’ ಎಂಬ ಬ್ರಹ್ಮಾಸ್ತ್ರ ಹೇಗೂ ಇದೆ.

ಇದು ಇಂಟರ್‌ನೆಟ್ ತಂದ ರೋಗ ಎಂದುಕೊಳ್ಳಬೇಡಿ. 1957ರಲ್ಲಿ ಸಿನ್ಸಿನಾಟಿಯ ‘ಎನ್‌ಕ್ವೈರರ್’ ಪತ್ರಿಕೆ ಓದುಗರಿಗೆ ಕಷ್ಟವಾಗಬಾರದೆಂದು ಊರಿನ ಆಟಗಾರರ ಹೆಸರನ್ನು ಮೊದಲೇ ತುಂಬಿದ ಮತಪತ್ರಗಳನ್ನೇ ಅಚ್ಚು ಹಾಕಿತು. ಓದುಗರು ಅಂಚೆಗೆ ಹಾಕಿದರೆ ಸಾಕು. ಎಣಿಸಿ ನೋಡಿದರೆ ನ್ಯಾಷನಲ್ ಲೀಗಿನ ಎಂಟು ಸ್ಥಾನಗಳಲ್ಲಿ ಏಳು ಸಿನ್ಸಿನಾಟಿಗೆ! ಎಂಟನೆಯದು ಸೇಂಟ್ ಲೂಯಿಸ್‌ನ ಸ್ಟ್ಯಾನ್ ಮ್ಯೂಸಿಯಲ್‌ಗೆ ಹೇಗೋ ಉಳಿದುಕೊಂಡಿತ್ತು. ಕಮಿಷನರ್ ಫೋರ್ಡ್ ಫ್ರಿಕ್ ಗಾಬರಿಬಿದ್ದು ಇಬ್ಬರನ್ನು ಎಬ್ಬಿಸಿ ಬೇರೆ ಇಬ್ಬರನ್ನು ಕೂರಿಸಿದರು. ಹಾಗೆ ಹಿಂಬಾಗಿಲಿನಿಂದ ಬರಬೇಕಾದ ಆ ಬಡಪಾಯಿಗಳು ಯಾರೆಂದರೆ ಆಟದ ಸಾರ್ವಕಾಲಿಕ ದಿಗ್ಗಜರಾದ ವಿಲ್ಲಿ ಮೇಸ್ ಮತ್ತು ಹ್ಯಾಂಕ್ ಆರನ್. ಅಭಿಮಾನಿಗಳ ಮತದಾನದ ಹಕ್ಕು ಹೋಯಿತು. ಮರಳಿ ಸಿಕ್ಕಿದ್ದು 1970ರಲ್ಲಿ.

ಅಷ್ಟು ವರ್ಷದ ವನವಾಸದಿಂದ ಬುದ್ಧಿ ಬಂತೇ? 2015ರಲ್ಲಿ ಕಾನ್ಸಾಸ್ ಸಿಟಿಯವರು ಕಂಪ್ಯೂಟರ್ ಮುಂದೆ ಕೂತರು. ಒಂದು ಇಮೇಲ್‌ಗೆ 35 ಮತ. ಒಂದು ಹಂತದಲ್ಲಿ ಅಮೆರಿಕನ್ ಲೀಗಿನ ಒಂಬತ್ತು ಸ್ಥಾನಗಳ ಪೈಕಿ ಎಂಟರಲ್ಲಿ ಆ ಊರಿನ ರಾಯಲ್ಸ್ ತಂಡದವರೇ ಮುಂದಿದ್ದರು. ಆ ವರ್ಷ ಬ್ಯಾಟಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಮಾಡದ ರಾಯಲ್ಸ್‌ನ ಒಮಾರ್ ಇನ್ಫಾಂಟೆ ಕೂಡ ಹ್ಯೂಸ್ಟನ್‌ನ ತಾರೆ ಹೋಸೆ ಅಲ್ಟುವೆಗಿಂತ ಮೇಲೆ! ಆರು ಕೋಟಿಗೂ ಹೆಚ್ಚು ಮತಗಳನ್ನು ರದ್ದು ಮಾಡಿದ್ದೇವೆ ಎಂದು ಲೀಗ್ ಹೇಳಿತು. ಆಟಗಾರರಿಗೇ ನಾಚಿಕೆಯಾಗಿರಬೇಕು, ಅಭಿಮಾನಿಗಳಿಗೆ ಆಗಲಿಲ್ಲ. ಕೊನೆಗೆ ಮೊದಲು ಕಣಕ್ಕಿಳಿಯುವವರಾಗಿ ಆಯ್ಕೆಯಾದದ್ದು ನಾಲ್ವರು ರಾಯಲ್ಸ್.

ಇಲ್ಲಿ ಇನ್ನೊಂದು ಕಥೆ ಸೇರಬೇಕು. 2002ರ ಆಲ್‌ಸ್ಟಾರ್ ಪಂದ್ಯ ಮಿಲ್ವಾಕಿಯಲ್ಲಿ ಹನ್ನೊಂದು ಇನ್ನಿಂಗ್ಸ್ ಎಳೆದು, ಎರಡೂ ಕಡೆ ಪಿಚರ್‌ಗಳು ಖಾಲಿಯಾಗಿ, 7-7ಕ್ಕೆ ಕೈಚೆಲ್ಲಿತು. ಮಾನ ಹೋಯಿತೆಂದು ಕಮಿಷನರ್ ಬಡ್ ಸೀಲಿಗ್ ಮದ್ದು ಕಂಡುಹಿಡಿದರು: ಇನ್ನು ಮುಂದೆ ಈ ಪಂದ್ಯ ಗೆದ್ದ ಲೀಗಿಗೆ, ಎರಡು ಲೀಗುಗಳ ಚಾಂಪಿಯನ್ನರ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ತವರು ಮೈದಾನದ ಲಾಭ. 2003ರಿಂದ 2016ರವರೆಗೆ, ಜಗತ್ತಿನ ಅತಿ ದೊಡ್ಡ ಬೇಸ್‌ಬಾಲ್ ಸರಣಿ ಯಾರ ಊರಲ್ಲಿ ಶುರುವಾಗಬೇಕೆಂಬುದನ್ನು ಕೆಲಸವಿಲ್ಲದವರ ಬೆರಳುಗಳು ಆರಿಸಿದ ತಂಡಗಳ ಮೋಜಿನ ಪಂದ್ಯ ತೀರ್ಮಾನಿಸಿತು. 2015ರಲ್ಲಿ ಅಮೆರಿಕನ್ ಲೀಗ್ ಗೆದ್ದಿತು. ವರ್ಲ್ಡ್ ಸೀರೀಸ್ ಕಾನ್ಸಾಸ್ ಸಿಟಿಯಲ್ಲೇ ಆರಂಭವಾಯಿತು. ಕಪ್ಪನ್ನೂ ರಾಯಲ್ಸ್ ಎತ್ತಿತು. ಈಗ ಹೋಗಿ ಅವರಿಗೆ ನೀತಿ ಹೇಳಿ ನೋಡೋಣ.

ಮೂವತ್ತು ತಂಡಗಳಲ್ಲಿ ಪ್ರತಿಯೊಂದಕ್ಕೂ ಕನಿಷ್ಠ ಒಬ್ಬ ಪ್ರತಿನಿಧಿ ಇರಲೇಬೇಕೆಂಬ ನಿಯಮವೂ ಇದೆ. ಮಂತ್ರಿಮಂಡಲ ವಿಸ್ತರಣೆಗಳನ್ನು ನೋಡುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2006ರಲ್ಲಿ ಇದೇ ರಾಯಲ್ಸ್‌ನ ಮಾರ್ಕ್ ರೆಡ್‌ಮನ್, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಐದಕ್ಕೂ ಹೆಚ್ಚು ರನ್ ಬಿಟ್ಟುಕೊಡುತ್ತಲೇ ಆಲ್‌ಸ್ಟಾರ್ ಆದರು. ಪುಣ್ಯಕ್ಕೆ ಪಂದ್ಯದಲ್ಲಿ ಅವರ ಕೈಗೆ ಚೆಂಡು ಕೊಡಲಿಲ್ಲ.

2025ರಲ್ಲಂತೂ ಜಗಳ ಹಣ್ಣಾಯಿತು. ಮಿಲ್ವಾಕಿಯ ಜೇಕಬ್ ಮಿಸಿರೋವ್ಸ್ಕಿ ಎಂಬ ಹೊಸ ಹುಡುಗ, ಗಂಟೆಗೆ ನೂರು ಮೈಲಿ ದಾಟಿಸಿ ಎಸೆಯುವವನು, ಆಡಿದ್ದು ಐದೇ ಪಂದ್ಯ. ಬದಲಿಯಾಗಿ ಅವನಿಗೆ ಕರೆ ಹೋಯಿತು. ಫಿಲಡೆಲ್ಫಿಯಾದಲ್ಲಿ ಬೆಂಕಿ ಬಿತ್ತು. ಅಲ್ಲಿನ ಫಿಲಿಸ್ ತಂಡದ ಆಟಗಾರರೇ ಬಹಿರಂಗವಾಗಿ ಗೊಣಗಿದರು. ವರ್ಷಗಟ್ಟಲೆ ಬೆವರು ಸುರಿಸಿದವರು ಹೊರಗೆ, ಐದು ಪಂದ್ಯದ ಪೋರ ಒಳಗೆ! ಐದು ಪಂದ್ಯ ನೋಡಿ ಒಬ್ಬನ ಯೋಗ್ಯತೆ ಅಳೆಯಬಹುದೇ ಎಂಬ ಅವರ ಪ್ರಶ್ನೆ, ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಸರಿಯಾದದ್ದೇ.

ಅಟ್ಲಾಂಟಾದಲ್ಲಿ ನಡೆದ ಆ ಪಂದ್ಯ 6-6ರಲ್ಲಿ ನಿಂತಿತು. ಮಿಲ್ವಾಕಿಯ ಅವಮಾನ ಮತ್ತೆ ಆಗಬಾರದೆಂದು ಈ ಸಲ ಬೇರೆ ಉಪಾಯ: ಎರಡೂ ಕಡೆಯಿಂದ ಮೂವರು, ತಲಾ ಮೂರು ಏಟು, ಯಾರ ಹೋಮ್‌ರನ್ ಹೆಚ್ಚೋ ಅವರು ಗೆದ್ದಂತೆ. ಅಷ್ಟು ಹೊತ್ತೂ ಒಂದೇ ಒಂದು ಹಿಟ್ ಬಾರಿಸಿರದ ಕೈಲ್ ಶ್ವಾರ್ಬರ್ ಬಂದು ಮೂರಕ್ಕೆ ಮೂರನ್ನೂ ಗ್ಯಾಲರಿಗೆ ಅಟ್ಟಿದರು. ನ್ಯಾಷನಲ್ ಲೀಗ್ ಗೆದ್ದಿತು, ಪಂದ್ಯಶ್ರೇಷ್ಠ ಪ್ರಶಸ್ತಿ ಅವರಿಗೇ ಹೋಯಿತು. ಶ್ವಾರ್ಬರ್ ಫಿಲಿಸ್ ತಂಡದವರು. ಐದು ಪಂದ್ಯ ಸಾಲದು ಎಂದಿದ್ದ ಫಿಲಡೆಲ್ಫಿಯಾಕ್ಕೆ ಮೂರು ಏಟು ಧಾರಾಳವಾಗಿ ಸಾಕಾಯಿತು.