ರಾಜ ಹೋದ, ಮಂತ್ರಿ ಬಂದ

ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೊ ಶ್ರೀರಾಮಪುರವನ್ನು ಬಿಟ್ಟೊಡನೆ ಅಶರೀರವಾಣಿಯೊಂದು ಮುಂದಿನ ನಿಲ್ದಾಣ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆಯೆಂದು ಸಾರುತ್ತದೆ. 2014ರಿಂದ ದಿನವೂ ಕೇಳಿಬರುತ್ತಿರುವ ಈ ಮಂತ್ರಘೋಷದಲ್ಲಿ ಮಂತ್ರಿ ಸ್ಕ್ವೇರ್ ಎಂಬ ಮಾಲ್‌ಗೆ ಅಗ್ರಪೂಜೆ, ಸಂಪಿಗೆಗೆ ಅನಂತರದ ತೀರ್ಥ. ಆ ಮಾಲಿನ ನೆಲದಲ್ಲಿ ಮೊದಲಿದ್ದ ರಾಜಾ ಮಿಲ್ ಎಂಬ ಬಟ್ಟೆ ಗಿರಣಿಗೆ ಉದ್ಧರಣೆ ನೀರೂ ಇಲ್ಲ.

ರಾಜನಿದ್ದಲ್ಲಿ ಮಂತ್ರಿ ಬಂದು ಕೂರುವುದು ಪ್ರಜಾಪ್ರಭುತ್ವದ ಲಕ್ಷಣವೇ ಆದ್ದರಿಂದ ನಾವು ಆಕ್ಷೇಪಿಸುವಂತಿಲ್ಲ. ಕಾಗುಣಿತದ ಲೆಕ್ಕದಲ್ಲಿಯೂ ಕೆಲಸ ಅಗ್ಗದಲ್ಲಿ ಮುಗಿದಿದೆ. ‘ಮಿಲ್’ ಎಂಬಲ್ಲಿನ ಗುಡಿಸನ್ನು ತೆಗೆದು ಇಳಿ ಕೊಟ್ಟರೆ ‘ಮಾಲ್’. ಅಕ್ಷರದಿಂದ ಗುಡಿಸು ಹೋಯಿತಾದರೂ ನೆಲದ ಮೇಲೆ ಗುಡಿಸುವ ಕಾರ್ಯ ಅಚ್ಚುಕಟ್ಟಾಗಿಯೇ ನಡೆದು, ಕದಿರು, ಮಗ್ಗ, ಪಾಳಿಯ ಸೈರನ್ನು ಎಲ್ಲವೂ ಕಸದೊಡನೆ ಹೊರಟುಹೋದವು. 2010ರಲ್ಲಿ ಮಾಲ್ ತೆರೆಯಿತು. 2017ರ ಜನವರಿಯಲ್ಲಿ ಅದರ ಹಿಂಬದಿಯ ಗೋಡೆಯ ಒಂದು ಭಾಗ ಕುಸಿದಾಗ ಗಿರಾಕಿಗಳನ್ನು ಹೊರಗೆ ಕಳುಹಿಸಬೇಕಾಯಿತು. ಗಿರಣಿಯವರನ್ನು ಮೊದಲೇ ಕಳುಹಿಸಿಯಾಗಿತ್ತು.

ಹಾಗೆ ನೋಡಿದರೆ ಹೋದವರ ಹೆಸರನ್ನು ಉಳಿಸಿಕೊಳ್ಳುವುದರಲ್ಲಿ ಬೆಂಗಳೂರಿಗೆ ಕೃತಜ್ಞತೆ ಹೆಚ್ಚು. ಮುಂದಿನ ನಿಲ್ದಾಣವಾದ ಮೆಜೆಸ್ಟಿಕ್ಕಿನಲ್ಲಿ ಧರ್ಮಾಂಬುಧಿ ಕೆರೆಯ ಮೇಲೆ ಬಸ್ಸುಗಳು ನಿಂತಿವೆ, ಆದರೆ ಪಕ್ಕದ ರಸ್ತೆ ಇಂದಿಗೂ ಟ್ಯಾಂಕ್ ಬಂಡ್ ರಸ್ತೆಯೇ. ನೀರಿಲ್ಲದ ಕೆರೆಗೆ ಏರಿಯನ್ನು ಉಳಿಸಿಕೊಟ್ಟ ಪುಣ್ಯವಂತರು ನಾವು. ಇದೇ ಊರಿನ ಇನ್ನೊಂದು ಬಟ್ಟೆ ಗಿರಣಿಯಾದ ಮಿನರ್ವಾ ಮಿಲ್ಲಿನ ಕಥೆಯಂತೂ ಕಾನೂನು ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಸಂವಿಧಾನದ ಮೂಲ ರಚನೆಗೆ ಸಂಸತ್ತು ಕೈಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟು 1980ರಲ್ಲಿ ಮತ್ತೊಮ್ಮೆ ಹೇಳಿದ್ದು ಆ ಮಿಲ್ಲಿನ ಪ್ರಕರಣದಲ್ಲಿಯೇ. ಗಿರಣಿಗಳ ಮೂಲ ರಚನೆಯ ಬಗ್ಗೆ ಯಾರೂ ಅರ್ಜಿ ಹಾಕಿರಲಿಲ್ಲ.

ಇನ್ನು 1884ರಲ್ಲಿ ಉಣ್ಣೆ, ಹತ್ತಿ, ರೇಷ್ಮೆಗೆಂದು ಹುಟ್ಟಿ, ಬಿನ್ನಿ ಕಂಪನಿಯ ಆಡಳಿತದಲ್ಲಿ ಬೆಳೆದು, ಒಂದು ಪೇಟೆಗೇ ತನ್ನ ಹೆಸರು ಕೊಟ್ಟ ಬಿನ್ನಿ ಮಿಲ್ಲಿನ ನೆಲದಲ್ಲಿ ಈಗ ಅಪಾರ್ಟ್‌ಮೆಂಟುಗಳ ಗೋಪುರಗಳೂ ಒಂದು ಮಾಲೂ ಎದ್ದಿವೆ. ಅದೇ ಆಸುಪಾಸಿನಲ್ಲಿ ಕಟ್ಟಿ ಕೆಲವೇ ವರ್ಷಗಳಾಗಿದ್ದ ಪೊಲೀಸ್ ವಸತಿಗೃಹವೊಂದು 2021ರ ಅಕ್ಟೋಬರ್‌ನಲ್ಲಿ ಬಿರುಕುಬಿಟ್ಟು ಒಂದು ಪಕ್ಕಕ್ಕೆ ವಾಲಿ, ಕಾನೂನು ಕಾಯುವವರ ಕುಟುಂಬಗಳೇ ಗಂಟುಮೂಟೆ ಕಟ್ಟಬೇಕಾಯಿತು. ನೆಲ ಕೂಡ ಒಮ್ಮೊಮ್ಮೆ ಮುಷ್ಕರ ಹೂಡುತ್ತದೆ. ಮಿಲ್ಲಿನ ಪಕ್ಕದಲ್ಲಿದ್ದುದರಿಂದ ಬಂದ ಅಭ್ಯಾಸವಿರಬೇಕು.

ತಮಾಷೆ ಸಾಕು. ಈ ಗಿರಣಿಗಳಲ್ಲಿ ಮೂರು ಪಾಳಿ ದುಡಿದು, ಹತ್ತಿಯ ಧೂಳನ್ನು ಎದೆಯಲ್ಲಿ ತುಂಬಿಕೊಂಡು, ಬಾಗಿಲು ಮುಚ್ಚಿದಾಗ ಬಾಕಿಗಾಗಿ ಅಲೆದ ಸಾವಿರಾರು ಜನರ ಬೆವರಿನಿಂದಲೇ ಶ್ರೀರಾಮಪುರ, ಬಿನ್ನಿಪೇಟೆಗಳ ಬೀದಿಗಳು ಬೆಳೆದವು. ಬಡಾವಣೆಗೆ ಬೆಲೆ ಬಂದದ್ದು ಅವರಿಂದ, ಬೆಲೆ ಬಂದ ಮೇಲೆ ಅಲ್ಲಿ ಒಂದು ಮನೆ ಕೊಳ್ಳಲಾಗದೆ ಹೊರಗುಳಿದವರೂ ಅವರೇ. ನಿಲ್ದಾಣದ ಅಷ್ಟುದ್ದದ ಹೆಸರಿನಲ್ಲಿ ಅವರಿಗೆಂದು ಒಂದು ಒತ್ತಕ್ಷರವೂ ಸಿಗಲಿಲ್ಲ. ನಾಚಿಕೆಯಾಗಬೇಕು, ಆಗುವುದಿಲ್ಲ.

ಮೊನ್ನೆ ಹಟಕ್ಕೆಂದೇ ಆಟೊ ಹತ್ತಿ ರಾಜಾ ಮಿಲ್ಲಿಗೆ ಹೋಗಬೇಕೆಂದೆ. ಇಪ್ಪತ್ತೈದು ದಾಟಿರದ ಚಾಲಕ ಮೊಬೈಲಿನ ನಕ್ಷೆಯನ್ನು ಅತ್ತಿತ್ತ ಸರಿಸಿ ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಬಟ್ಟೆಚೀಲವನ್ನು ನೋಡಿದ.

‘ರಾಗಿ ಬೀಸಿಸ್ಬೇಕಾ ಸಾರ್? ಅಷ್ಟು ದೂರ ಯಾಕೆ, ಇಲ್ಲೇ ಹಿಂದಿನ ಕ್ರಾಸ್‌ನಲ್ಲಿ ಒಂದು ಮಿಲ್ ಇದೆ.’