ಬರ್ಲಿನ್ ಕೋಣೆಯ ನಕಲು ತೀರ್ಥಹಳ್ಳಿಗೆ ಒಗ್ಗದು

ಬರ್ಲಿನ್ನಿನ ಬಾಡಿಗೆ ಮನೆಯಲ್ಲಿ ಇಬ್ಬರೇ ಕೂತು ಎಲೆಕ್ಟ್ರಾನಿಕ್ ಸಂಗೀತ ಮಾಡುವ ನಮ್ಮೂರ ಜೋಡಿಗಳಿಗೆ ಒಂದಲ್ಲ ಒಂದು ದಿನ ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ ನೆನಪಾಗುತ್ತದೆ. ಅಲ್ಲೇ ಸ್ಟುಡಿಯೊ ಹೂಡೋಣ ಅಂತ ಹೊರಡುತ್ತಾರೆ. ಯಾವ ಸಿಂಥ್ (ಸದ್ದು ಹುಟ್ಟಿಸುವ ವಿದ್ಯುತ್ ವಾದ್ಯ), ಯಾವ ಸ್ಪೀಕರ್ ಎಂಬ ಪಟ್ಟಿ ಸಿದ್ಧವಿರುತ್ತದೆ. ಅದರಲ್ಲಿ ಅರ್ಥಿಂಗ್, ಅಂದರೆ ಕರೆಂಟಿನ ವೈರಿಂಗಿಗೆ ನೆಲದ ಜೋಡಣೆ, ಇರುವುದಿಲ್ಲ. ಪಟ್ಟಿ ಶುರುವಾಗಬೇಕಾದ್ದೇ ಅಲ್ಲಿಂದ.

ಬರ್ಲಿನ್ನಿನಲ್ಲಿ ತಕರಾರು ಕೆಳಮನೆಯವರದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗಲಾಟೆ ಕೂಡದು. 100 ಹರ್ಟ್ಜ್‌ನ ತಗ್ಗು ಸದ್ದಿನ (ಬೇಸ್) ಅಲೆ 3.4 ಮೀಟರ್ ಉದ್ದ. ಗೋಡೆಗೆ ಹಚ್ಚುವ ಎರಡಿಂಚಿನ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಇಬ್ಬರಿಗೂ ಹೆಡ್‌ಫೋನೇ ಗತಿ. ಒಂದೇ ಜಾಕಿಗೆ ಕವಲು ಕೇಬಲ್ ಹಾಕಿದರೆ, ಹೆಡ್‌ಫೋನ್‌ಗಳ ರೋಧ (ಓಮ್) ಬೇರೆಬೇರೆ ಇದ್ದಾಗ ಒಬ್ಬರಿಗೆ ಕಿವಿ ಒಡೆಯುತ್ತದೆ, ಇನ್ನೊಬ್ಬರಿಗೆ ಪಿಸುಮಾತು. ಪ್ರತ್ಯೇಕ ವಾಲ್ಯೂಮ್ ಇರುವ ಹೆಡ್‌ಫೋನ್ ಆಂಪ್ ಬೇಕು.

ಮಲೆನಾಡಿನಲ್ಲಿ ಪಕ್ಕದ ಮನೆ ತೋಟದಾಚೆ. ಅಲ್ಲಿ ಕಾಟ ಕೊಡುವುದು ಗಾಳಿಯ ತೇವ ಮತ್ತು ನೆಲ.

ನೆಲದ್ದು ಹೀಗೆ: ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗಿದರೆ ಅದರ ರೋಧ ಏರುತ್ತದೆ. ಅರ್ಥಿಂಗ್ ಸೋಲುತ್ತದೆ. ಮಳೆಗಾಲದಲ್ಲಿ ಇಲ್ಲದ ಗುಂಯ್ ಸದ್ದು ಏಪ್ರಿಲ್‌ನಲ್ಲಿ ಸ್ಪೀಕರಿಗೆ ಬಂದರೆ ಸಿಂಥನ್ನು ಬೈಯಬೇಡಿ. ಅರ್ಥಿಂಗ್ ಗುಂಡಿಯಲ್ಲಿ ಎರಡೂವರೆ ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಸುತ್ತ ಇದ್ದಿಲು, ಉಪ್ಪು. ಬೇಸಿಗೆಯಲ್ಲಿ ಗುಂಡಿಗೆ ನೀರು. ಉಪ್ಪು ಪೈಪನ್ನೂ ತಿನ್ನುತ್ತದೆ, ಆಗಾಗ ನೋಡುತ್ತಿರಬೇಕು. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕುವವರಿದ್ದಾರೆ. ಸದ್ದೂ ಹೋಗಬಹುದು, ಜೀವವೂ ಹೋಗಬಹುದು. ಎಲ್ಲ ಸಾಮಾನಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ, ಸ್ಪೀಕರಿಗೆ ಬ್ಯಾಲೆನ್ಸ್ಡ್ ಕೇಬಲ್ (ದಾರಿಯಲ್ಲಿ ಸೇರುವ ಗುಂಯ್ ಕಳೆಯುವ ಜೋಡಿತಂತಿ) ಹಾಕಿ. ಸಿಂಥನ್ನು ಯುಎಸ್‌ಬಿ ಬದಲು ಐದು ಪಿನ್ನಿನ ಮಿಡಿಯಲ್ಲಿ (ವಾದ್ಯಯಂತ್ರಗಳ ನಡುವೆ ಸಂಕೇತ ಸಾಗಿಸುವ ಜೋಡಣೆ) ಜೋಡಿಸಿ: ಮಿಡಿ ಇನ್‌ಪುಟ್‌ನೊಳಗೆ ಸಂಕೇತ ದಾಟುವುದು ಬೆಳಕಿನ ಮೂಲಕ, ಗುಂಯ್ ತರುವ ಅರ್ಥಿನ ಸುತ್ತು ಅಲ್ಲಿಗೇ ಕಡಿಯುತ್ತದೆ.

ತೇವಕ್ಕೆ ಎರಡೂ ಊರು ಎರಡು ತುದಿ. ಬರ್ಲಿನ್ ಚಳಿಗಾಲದಲ್ಲಿ ಹೀಟರಿನಿಂದ ಗಾಳಿ ಒಣಗಿ ಬೆರಳ ತುದಿಯಲ್ಲಿ ಕಿಡಿ ಚಟ್ ಅನ್ನುತ್ತದೆ. ಯುಎಸ್‌ಬಿ ಸಂಪರ್ಕ ಕಡಿದುಹೋಗುವುದೂ ಉಂಟು. ಮಲೆನಾಡಿನ ಜುಲೈಯಲ್ಲಿ ಕೇಸಿನ ಒಳಪದರಕ್ಕೆ ಬೂಷ್ಟು, ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಸರಿಸಿದರೆ ಕರಕರ. ಸಾಮಾನನ್ನು ಒಲೆಯ ಮೇಲಿನ ಅಟ್ಟಕ್ಕೇರಿಸಬೇಡಿ, ಬೆಚ್ಚಗಿದ್ದರೂ ಮಸಿ ನಾಬಿನೊಳಗೆ ಇಳಿಯುತ್ತದೆ. ಮುಚ್ಚಿದ ಬೀರುವಿನಲ್ಲಿ 15 ವ್ಯಾಟಿನ ಹಳೇ ತಂತಿ ಬಲ್ಬು ಉರಿಸಿಡಿ, ಬಟ್ಟೆ ಅದಕ್ಕೆ ತಾಗದಿರಲಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ಬಿಸಿ ಸಾಲದು. ವಾರಕ್ಕೆರಡು ದಿನ ನುಡಿಸುವುದು ಎಲ್ಲಕ್ಕಿಂತ ಒಳ್ಳೇ ಔಷಧ.

ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಮೈಕ್ ರೆಕಾರ್ಡಿಂಗ್ ಆಸೆ ಬಿಡಿ. ಜೂನ್‌ನಿಂದ ಸೆಪ್ಟೆಂಬರ್ ಸಿಂಥ್, ಡ್ರಮ್ ಮಶೀನ್‌ಗಳನ್ನು ನೇರ ಕೇಬಲ್‌ನಲ್ಲಿ ಹಿಡಿಯುವ ಕಾಲ. ಹಾಡು, ಚಂಡೆ, ಮದ್ದಳೆ ಮಳೆ ಬಿಟ್ಟ ಮೇಲೆ. ಯಕ್ಷಗಾನದಲ್ಲಿ ಭಾಗವತರ ತಾಳಕ್ಕೆ ಎಲ್ಲರೂ ಸೇರುವಂತೆ ಯಂತ್ರಗಳಲ್ಲೂ ಕ್ಲಾಕ್ (ಲಯ ಹಿಡಿಸುವ ಮಿಡಿತ) ಕಳಿಸುವುದು ಒಂದೇ ಇರಲಿ. ಮಿಡಿಯಲ್ಲಿ ತಾಳದ ಒಂದೊಂದು ಬೀಟ್‌ಗೆ 24 ಮಿಡಿತ. ಇಬ್ಬರ ಯಂತ್ರವೂ ಒಂದೇ ಸಾಲಿಗೆ ಕ್ಲಾಕ್ ಕಳಿಸಿದರೆ ಲಯ ದಿಕ್ಕೆಡುತ್ತದೆ.

ಕರೆಂಟ್ ಹೋದಾಗ ಚೌಕ ಅಲೆಯ ಇನ್ವರ್ಟರ್ ಗೊರಗುಟ್ಟುತ್ತದೆ, ಸೈನ್ ವೇವ್‌ನದ್ದೇ ಬೇಕು. 150 ವ್ಯಾಟ್ ಹೊರೆಗೆ 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧ ಖಾಲಿ ಮಾಡಿದರೆ, ಇನ್ವರ್ಟರ್ ನುಂಗುವುದನ್ನು ಕಳೆದು, ಸುಮಾರು ನಾಲ್ಕೂವರೆ ಗಂಟೆಯ ಕೆಲಸ.

ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿಗೆ ಬರೀ ಸ್ವಿಚ್ ಆರಿಸಿದರೆ ಸಾಲದು. ಅದು ಫೇಸನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಮತ್ತು ಅರ್ಥ್ ಹಾಗೇ ಇರುತ್ತವೆ. ದೂರದಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಎದ್ದು ಪ್ಲಗ್ ಕಿತ್ತಿಡಿ, ರೌಟರಿನ ತಂತಿಯನ್ನೂ.