ಬೆನ್ನ ಮೇಲೆ ನಡೆಯುವ ಹುಳ

ಬೆಂಡೆ ಬೀಜದ ಪೊಟ್ಟಣವೊಂದರ ಬೆನ್ನಿಗೆ ಅಚ್ಚು ಹಾಕಿದ ಸೂಚನೆ: ‘ಕೊನೆಯ ಹಿಮ ಬಿದ್ದು ಮುಗಿದ ಎರಡು ವಾರಕ್ಕೆ ಬಿತ್ತಿ.’ ಯಾವುದೋ ಶೀತದೇಶದ ಪೊಟ್ಟಣದಿಂದ ಎತ್ತಿದ್ದು, ಎತ್ತಿದವರು ಓದುವ ಗೋಜಿಗೂ ಹೋಗಿಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಹಿಮಕ್ಕೆ ಅದೂ ಸಾಲದು. ಪೊಟ್ಟಣದ ಮಾತು ಕೇಳಿಕೊಂಡು ಕೂತಿದ್ದರೆ ಈ ಊರಿನಲ್ಲಿ ಒಬ್ಬರೂ ಬೆಂಡೆಕಾಯಿ ಹುಳಿ ಉಂಡಿರುತ್ತಿರಲಿಲ್ಲ.

ನಮ್ಮ ಕಡೆ ಚಳಿಗೆ ಗಡುವು ಹಾಕುವುದು ಶಿವರಾತ್ರಿ. ಅವತ್ತು ಚಳಿ ‘ಶಿವ ಶಿವಾ’ ಎಂದು ಹೊರಟಿತೆಂದರೆ ಯುಗಾದಿಗೆ ಉಳಿಯುವುದು ಒಂದು ತಿಂಗಳು, ಮೇಲೆ ಒಂದೆರಡು ದಿನ. ತಾರಸಿ ತೋಟವೋ ಹಿತ್ತಲೋ, ವಸಂತಕ್ಕೆ ಅಣಿಯಾಗಬೇಕಾದದ್ದು ಅಷ್ಟರಲ್ಲೇ. ಮೊದಲು ಗೊಬ್ಬರ ಬರಲಿ.

ಗೊಬ್ಬರ ಬರುವುದು ಚೀಲದಲ್ಲಿ, ಜೊತೆಗೊಂದು ಪ್ರಮಾಣವಚನದೊಂದಿಗೆ: “ಎರಡು ವರ್ಷ ಹಳೇದು ಸಾರ್, ಚೆನ್ನಾಗಿ ಕಳಿತಿದೆ.” ವಾದಕ್ಕಿಳಿಯಬೇಡಿ. ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿ. ಒಳಗೆ ಬೆಚ್ಚಗಿದ್ದರೆ ಅದು ಇನ್ನೂ ಕಳಿಯುತ್ತಲೇ ಇದೆ ಎಂದು ಅರ್ಥ. ಕಳಿಯುವ ತಿಪ್ಪೆಯ ಹೊಟ್ಟೆ 55–60 ಡಿಗ್ರಿಯವರೆಗೂ ಕಾಯುತ್ತದೆ. ಅಂಥದ್ದರಲ್ಲಿ ಬೀಜ ಊರಿದರೆ ಎಳೆಬೇರು ಬೆಂದುಹೋಗುತ್ತದೆ. ಮೂಗಿಗೆ ಚುಚ್ಚುವ ವಾಸನೆ ಬಂದರೂ ಅದೇ ಕಥೆ. ಸರಿಯಾಗಿ ಕಳಿತ ಕೊಟ್ಟಿಗೆ ಗೊಬ್ಬರ ತಣ್ಣಗಿರುತ್ತದೆ, ಕಪ್ಪಗೆ ಉದುರುದುರಾಗಿರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಹುಲ್ಲಿನ ಎಳೆ ಎಣಿಸುವ ಹಾಗಿದ್ದರೆ ಅದು ಗೊಬ್ಬರವಲ್ಲ, ಸಗಣಿಯ ಬಾಲ್ಯಾವಸ್ಥೆ. ಹಾಗಿದ್ದರೂ ವಾಪಸ್ಸು ಕಳಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಮೂರು ಮಹಡಿ ಹೊತ್ತು ತಂದವರ ಮುಖ ನೋಡಿ ದುಡ್ಡು ಎಣಿಸಿಬಿಡುತ್ತೇವೆ. ನೀರು ಚಿಮುಕಿಸಿ ಮೂಲೆಯಲ್ಲಿ ಮುಚ್ಚಿಟ್ಟು ಒಂದೆರಡು ತಿಂಗಳು ಮರೆಯುವುದೊಂದೇ ಆಗ ದಾರಿ.

ಅದೇ ಚೀಲವನ್ನು ಟಾರ್ಪಾಲಿನ ಮೇಲೆ ಸುರಿದಾಗ ಹುಳ ಉರುಳುತ್ತದೆ. ಬೆಳ್ಳಗೆ, ದಪ್ಪಗೆ, ಚಕ್ಕುಲಿ ತುಂಡಿನಂತೆ ಬಾಗಿಕೊಂಡು, ತಲೆ ಮಾತ್ರ ಕಂದು. ಮನೆಯವರೆಲ್ಲ ಒಂದೇ ಕಂಠದಲ್ಲಿ “ಗೊಣ್ಣೆಹುಳ!” ಎಂದು ಕೂಗುತ್ತಾರೆ. ಒಬ್ಬರು ಚಪ್ಪಲಿ ಹುಡುಕುತ್ತಾರೆ, ಇನ್ನೊಬ್ಬರು ಅಂಗಡಿಯಿಂದ ಯಾವುದೋ ಔಷಧಿ ತಂದು ಇಡೀ ರಾಶಿಗೆ ಹುಯ್ಯುತ್ತಾರೆ. ಆಮೇಲೆ ಅದರಲ್ಲೇ ಹರಿವೆ ಸೊಪ್ಪು ಬೆಳೆದು ‘ವಿಷಮುಕ್ತ’ ಎಂದು ಪಕ್ಕದ ಮನೆಗೆ ಹಂಚುತ್ತಾರೆ.

ಸ್ವಲ್ಪ ತಡೆಯಿರಿ. ಹುಳವನ್ನು ಒಂದು ಎಲೆಯ ಮೇಲೆತ್ತಿಕೊಂಡು ಸಿಮೆಂಟು ನೆಲದ ಮೇಲೆ ಬಿಡಿ. ಒಂದು ನಿಮಿಷ ಸುಮ್ಮನೆ ಕೂತು ನೋಡಿ. ಅದು ಮಗ್ಗುಲಾಗಿ ಮುದುಡಿಕೊಂಡು ಅಲ್ಲೇ ಒದ್ದಾಡಿದರೆ ಅನುಮಾನ ಸರಿ. ಅದು ಬೇರು ತಿನ್ನುವ ಗೊಣ್ಣೆಹುಳ ಇರಬಹುದು: ತಲೆ ದಪ್ಪ, ಕಾಲು ಗಟ್ಟಿ. ಕಬ್ಬು, ಶೇಂಗಾ ಬೆಳೆಯುವವರಿಗೆ ಇದರ ಪರಿಚಯ ಬೇಡ, ಇದರ ನಂಟರನ್ನು ಮಲೆನಾಡಿನ ಅಡಿಕೆಯವರು ಬೇರುಹುಳ ಎಂದು ಬೈಯುತ್ತಾರೆ. ನೀರು ಹಾಕಿದ್ದರೂ ಮಧ್ಯಾಹ್ನ ಬಾಡುವ ಗಿಡವನ್ನು ಮೆಲ್ಲಗೆ ಜಗ್ಗಿದಾಗ ಬೇರೇ ಇಲ್ಲದೆ ಕೈಗೆ ಬಂದರೆ ಈ ಮಹಾಶಯನದೇ ಕೆಲಸ. ಹುಳ ಹೆಬ್ಬೆರಳ ಗಾತ್ರಕ್ಕಿದ್ದರೆ ಅದು ತೆಂಗಿನ ಸುಳಿ ಕೊರೆಯುವ ಕುರುವಾಯಿ ಕೀಟದ ಮರಿ. ಗಿಡದ ಬೇರಿನ ತಂಟೆಗೆ ಬರುವುದಿಲ್ಲ, ತಿಪ್ಪೆಯಲ್ಲೇ ಉಂಡು ಬೆಳೆದು, ರೆಕ್ಕೆ ಬಂದ ಮೇಲೆ ಎದುರುಮನೆಯ ತೆಂಗಿಗೆ ಹಾರುತ್ತದೆ. ಎದುರುಮನೆಯವರ ಮೇಲೆ ವಿಶ್ವಾಸವಿದ್ದರೆ ಅದನ್ನೂ ತೆಗೆಯಿರಿ.

ಆದರೆ ಕೆಲವು ಹುಳ ಮೂರನೆಯದೊಂದು ಕೆಲಸ ಮಾಡುತ್ತವೆ. ನೆಲಕ್ಕೆ ಬಿಟ್ಟ ತಕ್ಷಣ ಮೈ ನೆಟ್ಟಗೆ ಮಾಡಿಕೊಂಡು, ಅಂಗಾತ ಮಗುಚಿ, ಆರೂ ಕಾಲನ್ನು ಆಕಾಶಕ್ಕೆ ಎತ್ತಿ, ಬೆನ್ನ ಮೇಲೆ ತೆವಳುತ್ತಾ ಹೊರಟುಬಿಡುತ್ತವೆ. ವೇಗವೂ ಕಮ್ಮಿಯಿಲ್ಲ. ಬೆನ್ನಿನ ಗಿಡ್ಡ ಬಿರುಗೂದಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೈಯ ಮಡಿಕೆಗಳು ಅಲೆಯಂತೆ ಸಾಗುತ್ತವೆ, ಕಾಲುಗಳು ಮೇಲೆ ಸುಮ್ಮನೆ ಆಡುತ್ತಿರುತ್ತವೆ, ಗಾಳಿಗೆ ಏನೋ ವಿವರಿಸುವ ಹಾಗೆ. ಇವು ಹೂದುಂಬಿಯ ಮರಿಗಳು. ತಲೆ ಸಣ್ಣದು, ಕಾಲು ಗಿಡ್ಡ, ಹಿಂಭಾಗವೇ ದಪ್ಪ. ತಿನ್ನುವುದು ಕಳಿತ ಎಲೆ, ಸಗಣಿ, ಕಟ್ಟಿಗೆಯ ಪುಡಿ. ಹಿಕ್ಕೆ ಹಾಕಿದ್ದೆಲ್ಲ ಕಾಳುಕಾಳಾದ ಗೊಬ್ಬರ. ದುಡ್ಡು ಕೊಟ್ಟು ಎರೆಹುಳ ಸಾಕುವ ಮನೆಗಳಲ್ಲಿ, ಬಿಟ್ಟಿ ದುಡಿಯುವ ಇವಕ್ಕೆ ಚಪ್ಪಲಿ ಏಟು. ಕಾಲಿದ್ದೂ ಬೆನ್ನಿನಲ್ಲಿ ನಡೆಯುವವರನ್ನು ಲೋಕ ನಂಬುವುದಿಲ್ಲ, ಏನು ಮಾಡುವುದು.

ಒಂದೊಂದನ್ನೂ ನೆಲಕ್ಕೆ ಬಿಟ್ಟು ಪರೀಕ್ಷೆ ಮಾಡುವಷ್ಟು ಪುರುಸೊತ್ತು ಇಲ್ಲದವರು ಗೊಬ್ಬರವನ್ನು ಬೆಳಗಿನ ಬಿಸಿಲಿಗೆ ಎರಡು ಅಂಗುಲ ತೆಳ್ಳಗೆ ಹರವಿ ಒಳಗೆ ಹೋಗಬಹುದು. ಕಾಗೆ, ಗೊರವಂಕಗಳು ವಿಚಾರಣೆಯಿಲ್ಲದೆ ತೀರ್ಪು ಕೊಡುತ್ತವೆ. ಗೊಣ್ಣೆಹುಳದ ದೊಡ್ಡ ದುಂಬಿಗಳು ಮಣ್ಣಿನಿಂದೇಳುವುದು ಬೇಸಿಗೆಯ ಮೊದಲ ಹದಮಳೆಗೆ. ಭರಣಿ ಮಳೆಯ ಹೊತ್ತಿನಲ್ಲಿ ಮುಸ್ಸಂಜೆ ಬೇವಿನ ಮರದಲ್ಲಿ ಗುಂಯ್‌ಗುಟ್ಟುವ ಕಂದು ದುಂಬಿಗಳನ್ನು ಕಂಡರೆ ಕೊಂಬೆ ಅಲುಗಿಸಿ, ಉದುರಿದ್ದನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ರೈತರು ಮಾಡುತ್ತ ಬಂದ ಕೆಲಸ. ನಗರದಲ್ಲಿ ಅದನ್ನು ಮಾಡಹೋದರೆ ಕಾವಲುಗಾರ ಬಂದು ವಿಚಾರಿಸುತ್ತಾನೆ.

ಹುಳದಲ್ಲೇ ಹೊತ್ತು ಹೋಯಿತು. ಹಳೆಯ ಗ್ರೋಬ್ಯಾಗುಗಳನ್ನು (ಗಿಡ ಬೆಳೆಸುವ ಚೀಲ) ಬೋರಲು ಹಾಕಿ ಟೊಮೆಟೊ ಬೇರು ನೋಡಿ. ಮಣಿ ಪೋಣಿಸಿದಂತೆ ಗಂಟುಗಂಟಾಗಿದ್ದರೆ ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದ ಜಂತುಹುಳದ ಬಾಧೆ. ಆ ಮಣ್ಣಿಗೆ ನೀರು ಕುಡಿಸಿ, ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಹೊದಿಸಿ, ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಬೇಕು. ಕಪ್ಪು ಪ್ಲಾಸ್ಟಿಕ್ ಬೇಡ, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟಾಗಿ ಕಾಯಿಸುವುದಿಲ್ಲ. ಉಳಿದ ಮಣ್ಣು ಎರಡು ಬಾಂಡ್ಲಿಗೆ ಗೊಬ್ಬರ ಒಂದು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ, ಅಂದರೆ ಸುಮಾರು 50 ಗ್ರಾಂ. ಕೊಕೊಪೀಟಿನ ಇಟ್ಟಿಗೆಯನ್ನು ನೆನೆಸಿ ಹಾಗೆಯೇ ಬಳಸಿದರೆ ಅದರಲ್ಲಿರುವ ಉಪ್ಪು ಎಲೆಯಂಚು ಸುಡುತ್ತದೆ. ಹಿಂಡಿದ ನೀರು ಡಿಕಾಕ್ಷನ್ ಬಣ್ಣದಿಂದ ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಿರಿ. 12 ಅಂಗುಲದ ಚೀಲ ಸುಮಾರು 20 ಲೀಟರ್ ಹಿಡಿಯುತ್ತದೆ, ಬಾಯಿಗೆ ಎರಡು ಅಂಗುಲ ಬಿಟ್ಟು ತುಂಬಿ. ತುಂಬಿದ ದಿನವೇ ಬಿತ್ತುವುದು ಬೇಡ. ಹಿಂಡಿ ಒದ್ದೆಯಾಗಿ ಕಾವು ಇಳಿಯಲು ಎರಡು ವಾರ ತೇವದಲ್ಲಿಡಿ. ಆ ಎರಡು ವಾರದಲ್ಲಿ ಹೀರೆ, ಹಾಗಲಕ್ಕೆ ಚಪ್ಪರ ಕಟ್ಟಿಕೊಳ್ಳಿ. ಬಳ್ಳಿ ಬಂದ ಮೇಲೆ ಕಟ್ಟುತ್ತೇನೆ ಎನ್ನುವವರ ಹಾಗಲ ಬಟ್ಟೆ ಒಣಹಾಕುವ ತಂತಿಯ ಮೇಲೆ ಕಾಯಿ ಬಿಡುತ್ತದೆ.

ಈಗ ಬೀಜ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ಬೆಂಡೆಯನ್ನೇ ಹಾಕಿ, ಅಥವಾ ಅಜ್ಜಿ ಸೀರೆ ತುಂಡಿನಲ್ಲಿ ಕಟ್ಟಿಟ್ಟ ನಾಟಿಯನ್ನು. ರಾತ್ರಿ ನೆನೆಸಿ ಬೆಳಿಗ್ಗೆ ಎರಡು ಸೆಂಟಿಮೀಟರ್ ಆಳಕ್ಕೆ ಊರಿ. ಹಾಗಲದ ಸಿಪ್ಪೆ ಗಡಸು, ಅದಕ್ಕೆ ಪೂರ್ತಿ ಒಂದು ದಿನ ಬೇಕು. ಕ್ಯಾರೆಟ್, ಹೂಕೋಸಿನ ಆಸೆ ಈಗ ಬಿಡಿ.

ಹಿಮದ ಮಾತಿಗೆ ಬೈದದ್ದಾಯಿತು, ಆದರೆ ಅದೇ ಪೊಟ್ಟಣದ ಕೆಳಗೆ ಸಣ್ಣಕ್ಷರದಲ್ಲಿ ಒಂದು ನಿಜವೂ ಇರುತ್ತದೆ: ಮೊಳಕೆ ಪ್ರಮಾಣ ಕನಿಷ್ಠ ಶೇ. 65. ಮೂರಕ್ಕೆ ಒಂದು ಮೊಳೆಯದೆ ಇರಬಹುದು, ಅದಕ್ಕೇ ಗುಳಿಗೆ ಎರಡು ಬೀಜ. ಎರಡೂ ಮೊಳೆತರೆ, ನಾಲ್ಕು ಎಲೆ ಬಂದಾಗ ಸೊರಗಿದ್ದನ್ನು ಬುಡದಲ್ಲಿ ಕತ್ತರಿಯಿಂದ ಕತ್ತರಿಸಬೇಕು. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಹುಳಕ್ಕೆ ಚಪ್ಪಲಿ ಎತ್ತಿದ ಕೈ ಇಲ್ಲಿ ನಡುಗುತ್ತದೆ. “ಪಾಪ, ಎರಡೂ ಇರಲಿ ಬಿಡ್ರೀ” ಎನ್ನುತ್ತಾರೆ. ಮೇ ತಿಂಗಳ ಹೊತ್ತಿಗೆ ಆ ಚೀಲದಲ್ಲಿ ಎರಡು ಕಡ್ಡಿ, ಒಂದೂವರೆ ಬೆಂಡೆಕಾಯಿ.